ಸೊಲೊಮೋನನ ಹಡಗಿನ ‘ತುಕ್ಕಿ’ ಮತ್ತು ತೆಂಗಿನ ಸೀಮೆಯ ಸೋಗೆ

ಹೀಬ್ರೂ ಬೈಬಲಿನಲ್ಲಿ ‘ತುಕ್ಕಿಯ್ಯೀಮ್’ ಎಂಬ ಪದ ಎರಡೇ ಕಡೆ ಬರುತ್ತದೆ. ಮೊದಲನೆಯದು ಒಂದನೆಯ ಅರಸುಗಳು 10ನೇ ಅಧ್ಯಾಯದ 22ನೇ ವಚನ. ಎರಡನೆಯದು ಅದೇ ಸಂಗತಿಯನ್ನು ಮತ್ತೆ ಹೇಳುವ ಎರಡನೆಯ ಪೂರ್ವಕಾಲವೃತ್ತಾಂತದ 9ನೇ ಅಧ್ಯಾಯ, 21ನೇ ವಚನ. ಸೊಲೊಮೋನ ಅರಸನ ತಾರ್ಷೀಷ್ ಹಡಗುಗಳು ಮೂರು ವರ್ಷಕ್ಕೊಮ್ಮೆ ಚಿನ್ನ, ಬೆಳ್ಳಿ, ಆನೆದಂತ, ಕೋತಿಗಳ ಜೊತೆಗೆ ಇವನ್ನೂ ತರುತ್ತಿದ್ದವು ಎಂದು ಅಲ್ಲಿ ಹೇಳಿದೆ. ಕೊನೆಯ ‘ಈಮ್’ ಬಹುವಚನದ ಗುರುತು. ಅದನ್ನು ಕಳೆದರೆ ಉಳಿಯುವುದು ‘ತುಕ್ಕಿ’. ಕನ್ನಡ ಬೈಬಲನ್ನು ಓದಿಕೊಂಡು ಬಂದವರಿಗೆ ಅದು ನವಿಲು. ಆದರೆ ಮೂಲದ ಪದ ನವಿಲೇ ಹೌದೇ, ಹೌದಾದರೆ ಅದು ದಕ್ಷಿಣ ಭಾರತದ ಯಾವುದೋ ಬಾಯಿಂದ ಹೊರಟು ಹೋದದ್ದೇ ಎಂಬ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ. ತಮಿಳರು ಅದರ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಕನ್ನಡದ ಕಡೆಯಿಂದ, ಅದರಲ್ಲೂ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ತೋಟಗಳ ಮಾತಿನ ಕಡೆಯಿಂದ ನೋಡಿದರೆ ಈ ಪ್ರಶ್ನೆಯಲ್ಲಿ ಹೊಸದೊಂದು ಕಾಣುತ್ತದೆ.

ಮೊದಲು ಹಳೆಯ ಅನುವಾದಕರು ಏನು ಮಾಡಿದರು ನೋಡೋಣ. ಕ್ರಿಸ್ತಪೂರ್ವ 3ನೇ ಶತಮಾನದಿಂದ ಅಲೆಕ್ಸಾಂಡ್ರಿಯದಲ್ಲಿ ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ತಂದವರ ಪಠ್ಯದಲ್ಲಿ, ಅರಸುಗಳ ಗ್ರಂಥದ ಈ ವಚನದಲ್ಲಿ ದಂತವೂ ಇಲ್ಲ, ಕೋತಿಯೂ ಇಲ್ಲ, ತುಕ್ಕಿಯೂ ಇಲ್ಲ. ಆ ಜಾಗದಲ್ಲಿ ಕೆತ್ತಿದ, ಕಡೆದ ಕಲ್ಲುಗಳಿವೆ. ಕ್ರಿಸ್ತಶಕ 1ನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಇದೇ ಪಟ್ಟಿಯನ್ನು ಹೇಳುವಾಗ ದಂತ, ಇಥಿಯೋಪಿಯದ ಜನ, ಕೋತಿಗಳು ಎಂದು ಬರೆದ. ಅವನ ಹೊತ್ತಿಗಾಗಲೇ ಪದದ ಅರ್ಥ ಮಸುಕಾಗಿತ್ತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅರಾಮಿಕ್ ಅನುವಾದವಾದ ತರ್ಗುಮ್ ನವಿಲನ್ನು ಹಿಡಿಯಿತು. 4ನೇ ಶತಮಾನದ ಕೊನೆಗೆ ಲ್ಯಾಟಿನ್ನಿಗೆ ಅನುವಾದಿಸಿದ ಜೆರೋಮನೂ ನವಿಲೆಂದೇ ಬರೆದ. 1611ರ ಇಂಗ್ಲಿಷ್ ಬೈಬಲು ಅದನ್ನೇ ಅನುಸರಿಸಿತು. ಅದೇ ಇಂಗ್ಲಿಷ್ ಬೈಬಲು ಯೋಬನ ಗ್ರಂಥದ 39ನೇ ಅಧ್ಯಾಯದಲ್ಲಿ ಬೇರೆಯೇ ಒಂದು ಹೀಬ್ರೂ ಪದಕ್ಕೂ ನವಿಲು ಎಂದಿತ್ತು; ಅಲ್ಲಿರುವುದು ಉಷ್ಟ್ರಪಕ್ಷಿ ಎಂದು ಈಗ ಎಲ್ಲರೂ ಒಪ್ಪುತ್ತಾರೆ. ಹೀಗಾಗಿ ನವಿಲು ಎಂಬ ಅನುವಾದ ಹಳೆಯದು ಎಂಬ ಒಂದೇ ಕಾರಣಕ್ಕೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಇತ್ತೀಚಿನ ಕೆಲವು ಇಂಗ್ಲಿಷ್ ಅನುವಾದಗಳಲ್ಲಿ ಸೊಲೊಮೋನನ ಹಡಗಿನಿಂದ ನವಿಲು ಇಳಿದುಹೋಗಿ ಬಬೂನ್ ಕೋತಿ ಹತ್ತಿದೆ.

ದಕ್ಷಿಣ ಭಾರತದ ಕಡೆ ಬೆರಳು ತೋರಿಸುವ ವಾದಕ್ಕೆ ಗಟ್ಟಿ ರೂಪ ಕೊಟ್ಟವರು ರಾಬರ್ಟ್ ಕಾಲ್ಡ್‌ವೆಲ್. ತಿರುನೆಲ್ವೇಲಿಯ ಇಡೈಯನ್‌ಗುಡಿಯಲ್ಲಿದ್ದ ಈ ಪಾದ್ರಿ 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಪ್ರಕಟಿಸಿದರು. 1875ರಲ್ಲಿ ಅದರ ಎರಡನೆಯ ಆವೃತ್ತಿ ಬಂತು. ಹೀಬ್ರೂವಿನ ತುಕ್ಕಿ ತಮಿಳಿನ ‘ತೋಕೈ’ಯಿಂದ ಬಂದದ್ದು, ಆದ್ದರಿಂದ ಜಗತ್ತಿನ ಬರಹಗಳಲ್ಲಿ ಸಿಗುವ ಅತ್ಯಂತ ಹಳೆಯ ದ್ರಾವಿಡ ಪದ ಇದೇ ಇರಬೇಕು ಎಂಬುದು ಅವರ ಅಭಿಪ್ರಾಯ. ಸುಮಾರು ನೂರು ವರ್ಷದ ನಂತರ ಜೆರೂಸಲೇಮಿನ ಹೀಬ್ರೂ ವಿದ್ವಾಂಸ ಹೈಮ್ ರಾಬಿನ್ ಅದೇ ದಾರಿಯಲ್ಲಿ ಮುಂದೆ ಹೋಗಿ, ತಮಿಳುನಾಡಿಗೂ ಪ್ಯಾಲೆಸ್ತೀನಿಗೂ ನಡುವೆ ನಡೆದ ಹಳೆಯ ವ್ಯಾಪಾರಕ್ಕೆ ಹೀಬ್ರೂವಿನ ಎರವಲು ಪದಗಳನ್ನೇ ಸಾಕ್ಷಿಯಾಗಿ ನಿಲ್ಲಿಸಿದರು.

ತಮಿಳಿನ ತೋಕೈ ಎಂದರೆ ಬಾಲ, ನವಿಲಿನ ಗರಿಗೊಂಚಲು, ಹಾಗೆಯೇ ನವಿಲು. ತೆಲುಗಿನಲ್ಲಿ ‘ತೋಕ’ ಇಂದಿಗೂ ಬಾಲಕ್ಕೆ ದಿನಬಳಕೆಯ ಮಾತು. ಮಲಯಾಳದಲ್ಲಿ ‘ತೋಕ’ ಇದೆ. ಕನ್ನಡದಲ್ಲಿ ‘ತೋಕೆ’ ಇದೆ: 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಹಾಕಿಸಿದ ಫರ್ಡಿನಾಂಡ್ ಕಿಟೆಲರ ನಿಘಂಟನ್ನು ಬಿಚ್ಚಿದರೆ ಸಿಗುತ್ತದೆ. ಅದರ ಪಕ್ಕಕ್ಕೆ ಕನ್ನಡ ಇನ್ನೊಂದು ಪದವನ್ನು ಇಟ್ಟುಕೊಂಡಿದೆ, ಅದು ‘ಸೋಗೆ’. ಹಳಗನ್ನಡದಲ್ಲಿ ಸೋಗೆ ಎಂದರೆ ನವಿಲಿನ ಗರಿಗೊಂಚಲು. ಕೆಲವೆಡೆ ನವಿಲೇ ಸೋಗೆ. ಊರಿನ ಕನ್ನಡದಲ್ಲಿ ಅದೇ ಸೋಗೆ ಅಡಿಕೆ ಮರದ್ದು, ಕಬ್ಬಿನದ್ದು. ತಮಿಳಿನಲ್ಲೂ ಕಬ್ಬಿನ ಎಲೆಗೆ ತೋಕೈ ಎನ್ನುತ್ತಾರೆ. ತೋಕೆ, ಸೋಗೆ, ತೋಕೈ ಒಂದೇ ಬೇರಿನ ಕುಡಿಗಳು ಎಂದೇ ನನ್ನ ಎಣಿಕೆ. ಆರಂಭದ ವ್ಯಂಜನದ ವ್ಯತ್ಯಾಸವನ್ನು ಮುಂದೆ ಮಾಡಿ ಒಪ್ಪದವರಿಗೂ ಅರ್ಥ ನಡೆದ ದಾರಿ ಒಂದೇ ಎಂಬುದನ್ನು ಒಪ್ಪದೆ ಗತ್ಯಂತರವಿಲ್ಲ. ಉದ್ದಕ್ಕೆ ಇಳಿಬಿದ್ದು ಗಾಳಿಗೆ ತೊನೆಯುವ ಯಾವುದನ್ನೇ ಆಗಲಿ ಈ ಭಾಷೆಗಳು ಒಂದೇ ಹೆಸರಿನಿಂದ ಕರೆದಿವೆ.

ತೆಂಗಿನ ಸೀಮೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. ತಿಪಟೂರಿನ ಉಂಡೆ ಕೊಬ್ಬರಿ ಉತ್ತರ ಭಾರತದ ಮಾರುಕಟ್ಟೆಗಳಲ್ಲೆಲ್ಲ ಹೆಸರಾದದ್ದು. ಇಡೀ ತುಮಕೂರು ಜಿಲ್ಲೆಗೆ ಕಲ್ಪತರು ನಾಡು ಎಂಬ ಹೆಸರು ಬಂದದ್ದೇ ಈ ಮರದಿಂದ. ಇಲ್ಲಿನವರು ತೆಂಗಿನ ಎಲೆಯನ್ನು ಎಲೆ ಎನ್ನುವುದಿಲ್ಲ, ಗರಿ ಎನ್ನುತ್ತಾರೆ. ಗರಿ ಬಿತ್ತು, ಗರಿ ಹೆಣೆದರು, ಚಪ್ಪರಕ್ಕೆ ಗರಿ ಹೊದಿಸಿದರು. ತೋಟಕ್ಕೆ ಬಂದ ನವಿಲು ಉದುರಿಸಿ ಹೋಗುವುದೂ ಗರಿಯೇ. ಅದೇ ತೋಟದಲ್ಲಿ ಅಡಿಕೆ ಇದ್ದರೆ ಅದರದ್ದು ಸೋಗೆ. ಹಕ್ಕಿಯ ಮೈಗೂ ಮರದ ತಲೆಗೂ ಕನ್ನಡ ಎರಡೆರಡು ಸಲ, ಗರಿಯಲ್ಲೊಮ್ಮೆ ಸೋಗೆಯಲ್ಲೊಮ್ಮೆ, ಒಂದೇ ಹೆಸರು ಹಂಚಿದೆ. ರೂಪದಲ್ಲೂ ಇದು ಸುಮ್ಮನೆ ಬಂದದ್ದಲ್ಲ. ನಾವು ನವಿಲಿನ ಬಾಲ ಎನ್ನುವುದು ನಿಜವಾದ ಬಾಲವಲ್ಲ; ಅದು ಬಾಲದ ಮೇಲ್ಭಾಗದಿಂದ ಹೊರಟು ಒಂದೂವರೆ ಮೀಟರಿನಷ್ಟು ಬೆಳೆಯುವ ಹೊದಿಕೆಯ ಗರಿಗಳ ರಾಶಿ. ನಡುವೆ ಒಂದು ಕಡ್ಡಿ, ಅದರ ಎರಡೂ ಪಕ್ಕಕ್ಕೆ ಸಾಲುಗಟ್ಟಿದ ಎಳೆಗಳು. ತೆಂಗಿನ ಗರಿಯ ಕಟ್ಟುವಿಕೆಯೂ ಇದೇ: ನಡುದಿಂಡು, ಎರಡು ಪಕ್ಕಕ್ಕೆ ನೂರಾರು ಎಳೆ. ಎರಡೂ ಉದುರಿ ಮತ್ತೆ ಬರುವಂಥವು.

ಇದಕ್ಕೂ ಸೊಲೊಮೋನನ ಹಡಗಿಗೂ ಏನು ಸಂಬಂಧ? ಕಾಲ್ಡ್‌ವೆಲ್ಲರ ವಾದಕ್ಕೆ ಬಂದ ಅತಿ ಸಹಜವಾದ ಆಕ್ಷೇಪಣೆ ಇದು: ನವಿಲಿಗೆ ದ್ರಾವಿಡ ಭಾಷೆಗಳಲ್ಲಿ ಸ್ವಂತ ಹೆಸರಿದೆ. ಕನ್ನಡದ ನವಿಲು, ತಮಿಳು ಮಲಯಾಳಗಳ ಮಯಿಲ್, ತೆಲುಗಿನ ನೆಮಲಿ. ಋಗ್ವೇದದಲ್ಲೇ ಕಾಣುವ ಮಯೂರ ಕೂಡ ಈ ಮಯಿಲಿನಿಂದ ಹೋದದ್ದೆಂದು ಹೇಳುವ ವಿದ್ವಾಂಸರಿದ್ದಾರೆ. ಹಕ್ಕಿಯನ್ನು ಕೊಂಡವನಿಗೆ ಮಾರಿದವನು ಹಕ್ಕಿಯ ಹೆಸರು ಬಿಟ್ಟು ಬಾಲದ ಹೆಸರು ಏಕೆ ಹೇಳುತ್ತಾನೆ? ಇದಕ್ಕೆ ಉತ್ತರ ಧ್ವನಿಯ ಹೋಲಿಕೆಯಲ್ಲಿ ಸಿಗುವುದಿಲ್ಲ, ಹೆಸರಿಡುವ ಅಭ್ಯಾಸದಲ್ಲಿ ಸಿಗುತ್ತದೆ. ಸಂಗಂ ಕಾಲದ ತಮಿಳಿನಲ್ಲಿ ತೋಕೈ ಎಂದರೆ ನವಿಲು, ಹಳಗನ್ನಡದಲ್ಲಿ ಸೋಗೆ ಎಂದರೆ ನವಿಲು. ಎರಡು ಭಾಷೆಗಳೂ ಬಾಲದ ಹೆಸರನ್ನು ಹಕ್ಕಿಗೇ ಕೊಟ್ಟಿವೆ ಎಂದಮೇಲೆ ಆ ಅಭ್ಯಾಸ ಎರಡೂ ಬೇರೆಯಾಗುವ ಮುಂಚಿನದ್ದಿರಬಹುದು. ಅದೂ ಅಲ್ಲದೆ ದೂರದೇಶಕ್ಕೆ ಹೋಗುವ ಸರಕಿನಲ್ಲಿ ಬೆಲೆ ಇದ್ದದ್ದೇ ಬಾಲಕ್ಕೆ. ಜೀವಂತ ಹಕ್ಕಿಯ ಬದಲು ಗರಿಗೊಂಚಲನ್ನೇ ಕಟ್ಟಿ ಕಳಿಸಿದ್ದರೂ ಕಳಿಸಿರಬಹುದು. ಮೂರು ವರ್ಷದ ಪಯಣದಲ್ಲಿ ಅದು ಹಕ್ಕಿಗಿಂತ ಸುಲಭವಾಗಿ ಉಳಿಯುತ್ತದೆ. ಕಾಲ್ಡ್‌ವೆಲ್ಲರ ವಾದದ ನಿಜವಾದ ಬಲ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ತಮಿಳೊಂದನ್ನೇ ಹಿಡಿದು ಬರೆದವರ ಕಣ್ಣಿಗೆ ಕನ್ನಡದ ಸೋಗೆ ಬಿದ್ದಿದ್ದರೆ ಈ ಬಲ ಇನ್ನೂ ಹೆಚ್ಚುತ್ತಿತ್ತು.

   

ಆಕ್ಷೇಪಣೆಗಳು ಇಲ್ಲಿಗೆ ಮುಗಿಯುವುದಿಲ್ಲ. ಧ್ವನಿಯ ವಿಷಯ ತೆಗೆದುಕೊಳ್ಳಿ. ತೋಕೈಯಲ್ಲಿ ಓಕಾರ ದೀರ್ಘ, ಕಕಾರ ಒಂಟಿ. ತುಕ್ಕಿಯಲ್ಲಿ ಉಕಾರ ಹ್ರಸ್ವ, ಕಕಾರ ಇಮ್ಮಡಿ. ಪೂರ್ವಕಾಲವೃತ್ತಾಂತದ ಪಠ್ಯದಲ್ಲಿ ಉಕಾರವನ್ನು ತೋರಿಸಲು ಒಂದು ಅಕ್ಷರವನ್ನೇ ಹೆಚ್ಚಿಗೆ ಬರೆದಿದ್ದಾರೆ, ಆದ್ದರಿಂದ ಆ ಉಚ್ಚಾರಣೆ ಹಳೆಯದೇ. ಎರವಲು ಪದಗಳಲ್ಲಿ ಇಷ್ಟು ಬದಲಾವಣೆ ದೊಡ್ಡದಲ್ಲ, ಆದರೆ ಅದು ಎರವಲು ಎಂಬುದನ್ನು ತೋರಿಸಲೂ ಇದರಿಂದ ಆಗದು.

ಕಾಲದ ಅಂತರ ಇದಕ್ಕಿಂತ ದೊಡ್ಡ ತೊಡಕು. ಸೊಲೊಮೋನನ ಆಳ್ವಿಕೆಯನ್ನು ಕ್ರಿಸ್ತಪೂರ್ವ 10ನೇ ಶತಮಾನಕ್ಕೆ ಇಡುವುದು ರೂಢಿ. ಅರಸುಗಳ ಗ್ರಂಥ ಈಗಿನ ರೂಪಕ್ಕೆ ಬಂದದ್ದು 6ನೇ ಶತಮಾನದಲ್ಲಿ. ತಮಿಳಿನ ಅತಿ ಹಳೆಯ ಬ್ರಾಹ್ಮೀ ಬರಹಗಳು ಅದಕ್ಕಿಂತ ಎಷ್ಟೋ ಈಚಿನವು. ಕನ್ನಡದ ಹಲ್ಮಿಡಿ ಶಾಸನ ಕ್ರಿಸ್ತಶಕ 5ನೇ ಶತಮಾನದ್ದು. ತುಕ್ಕಿ ಬರೆದ ಕಾಲದಲ್ಲಿ ನಮ್ಮ ಕಡೆ ತೋಕೆಯನ್ನು ಬರೆದಿಟ್ಟವರು ಯಾರೂ ಇಲ್ಲ. ಆದ್ದರಿಂದಲೇ ಇದು ತಮಿಳಿನ ಪದವೋ ಕನ್ನಡದ ಪದವೋ ಎಂಬ ಜಗಳಕ್ಕೆ ಅರ್ಥವಿಲ್ಲ. ಆ ಹೊತ್ತಿನಲ್ಲಿ ಈ ಎರಡು ಭಾಷೆಗಳು ಇಂದಿನಂತೆ ಬೇರೆಬೇರೆಯಾಗಿ ನಿಂತಿದ್ದವು ಎನ್ನಲು ಆಧಾರವಿಲ್ಲ. ಪದ ಹೋಗಿದ್ದರೆ ಎರಡಕ್ಕೂ ತಾಯಿಯಾದ ನುಡಿಯಿಂದ ಹೋಗಿದೆ.

ಮೂರನೆಯದು ಈಜಿಪ್ಟಿನ ವಾದ. ಅಮೆರಿಕದ ಪುರಾತತ್ತ್ವಜ್ಞ ವಿಲಿಯಂ ಆಲ್‌ಬ್ರೈಟ್, ಈಜಿಪ್ಟಿನ ಹಳೆಯ ಭಾಷೆಯಲ್ಲಿ ಒಂದು ಬಗೆಯ ಕೋತಿಗೆ ‘ಕಿ’ ಎಂಬಂಥ ಹೆಸರಿರುವುದನ್ನು ಹಿಡಿದು, ಅದಕ್ಕೆ ಸ್ತ್ರೀಲಿಂಗದ ಗುರುತು ಸೇರಿದರೆ ತುಕ್ಕಿ ಆಗುತ್ತದೆ ಎಂದರು. ಬಬೂನ್ ಹಡಗು ಹತ್ತಿದ್ದು ಇದರಿಂದಲೇ. ಪಟ್ಟಿಯಲ್ಲಿ ಅದರ ಹಿಂದಿನ ಪದ ಕೋತಿ ಎಂಬುದು ಅವರ ವಾದಕ್ಕೆ ಅನುಕೂಲ: ಎರಡು ಜಾತಿಯ ಕೋತಿಗಳು ಜೊತೆಜೊತೆಗೆ. ಈ ವಾದವನ್ನು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. ಕೆಂಪು ಸಮುದ್ರದ ದಾರಿಯಲ್ಲಿ ಆಫ್ರಿಕಾ ಭಾರತಕ್ಕಿಂತ ಹತ್ತಿರ. ದಂತ, ಚಿನ್ನ, ಕೋತಿ ಮೂರೂ ಅಲ್ಲೇ ಸಿಗುತ್ತಿದ್ದವು.

ಜೊತೆಯ ಪದಗಳನ್ನೂ ಪರೀಕ್ಷಿಸಬೇಕು, ಏಕೆಂದರೆ ಇಡೀ ಪಟ್ಟಿ ಭಾರತದ್ದಾದರೆ ತುಕ್ಕಿಯೂ ಭಾರತದ್ದಾಗುವ ಸಂಭವ ಹೆಚ್ಚು. ಕೋತಿಗೆ ಹೀಬ್ರೂ ‘ಕೋಫ್’. ಸಂಸ್ಕೃತದ ಕಪಿ ತಟ್ಟನೆ ನೆನಪಾಗುತ್ತದೆ, ಆದರೆ ಈಜಿಪ್ಟಿನಲ್ಲೂ ಮೆಸೊಪೊಟೇಮಿಯದ ಅಕ್ಕಾಡಿಯನ್ನಿನಲ್ಲೂ ಕೋತಿಗೆ ಇಂಥದೇ ಪದಗಳಿವೆ. ದಂತಕ್ಕೆ ‘ಶೆನ್‌ಹಬ್ಬೀಮ್’: ಶೆನ್ ಎಂದರೆ ಹಲ್ಲು, ಉಳಿದದ್ದು ಆನೆ ಇರಬೇಕು, ಸಂಸ್ಕೃತದ ಇಭ ಎಂದವರಿದ್ದಾರೆ, ಈಜಿಪ್ಟಿನ ಆನೆಯ ಹೆಸರು ಎಂದವರೂ ಇದ್ದಾರೆ. ಈ ಎರಡರಿಂದ ಯಾವ ಕಡೆಗೂ ಬಲ ಬರದು.

ಅದೇ ಅಧ್ಯಾಯದಲ್ಲಿ ಬರುವ ‘ಅಲ್ಮುಗ್’ ಮರದ ಕತೆಯಿಂದ ಕಲಿಯುವುದು ಹೆಚ್ಚಿದೆ. ಓಫೀರ್ ಎಂಬ ಊರಿನಿಂದ ತಂದ ಈ ಮರದಿಂದ ಸೊಲೊಮೋನನು ದೇವಾಲಯಕ್ಕೂ ಅರಮನೆಗೂ ಕೆಲಸ ಮಾಡಿಸಿದ, ಹಾಡುವವರಿಗೆ ವಾದ್ಯಗಳನ್ನು ಮಾಡಿಸಿದ. 19ನೇ ಶತಮಾನದಲ್ಲಿ ಮ್ಯಾಕ್ಸ್ ಮ್ಯೂಲರರಂಥವರು ಅದನ್ನು ಗಂಧದ ಮರ ಎಂದರು. ಶ್ರೀಗಂಧದ ನಾಡಿನವರಿಗೆ ಇದಕ್ಕಿಂತ ಸಂತೋಷದ ಸುದ್ದಿ ಬೇಕೇ! ಆದರೆ 1929ರಿಂದ ಸಿರಿಯದ ಕರಾವಳಿಯ ಉಗಾರಿತ್‌ನಲ್ಲಿ ಮಣ್ಣಿನ ಹಲಗೆಗಳು ಸಿಗತೊಡಗಿದವು. ಅವುಗಳಲ್ಲಿ ಇದೇ ಮರದ ಹೆಸರಿದೆ. ಅಕ್ಕಾಡಿಯನ್ ಬರಹಗಳಲ್ಲಿ ‘ಎಲಮ್ಮಾಕು’ ಎಂಬ ಮರ ಸೊಲೊಮೋನನಿಗಿಂತ ಎಷ್ಟೋ ಶತಮಾನ ಹಿಂದೆಯೇ ಇದೆ. ಎರಡನೆಯ ಪೂರ್ವಕಾಲವೃತ್ತಾಂತದ 2ನೇ ಅಧ್ಯಾಯದಲ್ಲಿ ಅದು ಲೆಬನೋನಿನಲ್ಲಿ ಸಿಗುವ ಮರಗಳ ಸಾಲಿನಲ್ಲಿ ಬರುವುದೂ ಇದಕ್ಕೆ ಹೊಂದುತ್ತದೆ. ಅಲ್ಲಿಗೆ ಗಂಧದ ವಾದ ಬಿದ್ದುಹೋಯಿತು.

ಇದಕ್ಕೆ ವಿರುದ್ಧವಾಗಿ ಗಟ್ಟಿಯಾಗಿ ನಿಂತಿರುವುದು ‘ಅಹಾಲೀಮ್’. ಕೀರ್ತನೆ 45ರಲ್ಲಿ, ಜ್ಞಾನೋಕ್ತಿಗಳ 7ನೇ ಅಧ್ಯಾಯದಲ್ಲಿ, ಪರಮಗೀತೆಯ 4ನೇ ಅಧ್ಯಾಯದಲ್ಲಿ ಬರುವ ಈ ಸುಗಂಧದ ಮರ ನಮ್ಮ ಅಗಿಲು. ತಮಿಳಿನ ಅಕಿಲ್, ಸಂಸ್ಕೃತದ ಅಗರು, ಗ್ರೀಕಿನ ಅಗಾಲ್ಲೊಖೋನ್ ಎಲ್ಲ ಒಂದೇ ಸಾಲು. ಮರ ಬೆಳೆಯುವುದು ಅಸ್ಸಾಮಿನಲ್ಲಿ ಮತ್ತು ಆಗ್ನೇಯ ಏಷ್ಯಾದಲ್ಲಿ. ಹೆಸರು ಮಾತ್ರ ದ್ರಾವಿಡದ್ದು ಎಂದು ರಾಬಿನ್ ಸೇರಿದಂತೆ ಹಲವರು ಒಪ್ಪುತ್ತಾರೆ. ಬೆಳೆಯದ ಸರಕಿನ ಹೆಸರೂ ನಮ್ಮವರ ಬಾಯಿಂದ ಹೋಗಿದೆ ಎಂದರೆ ನಡುವಿನ ವ್ಯಾಪಾರದಲ್ಲಿ ಅವರ ಕೈ ಇತ್ತು. ಪರಮಗೀತೆಯ ‘ನೇರ್ದ್’ ಸಂಸ್ಕೃತದ ನಲದ, ನಾವು ಜಟಾಮಾಂಸಿ ಎನ್ನುವುದು. ಎಸ್ತೇರಳ ಗ್ರಂಥದ ‘ಕರ್ಪಸ್’ ನಮ್ಮ ಹತ್ತಿ, ಸಂಸ್ಕೃತದ ಕಾರ್ಪಾಸ. ಎಸ್ತೇರಳ ಕತೆ ಪಾರಸಿಗಳ ಆಳ್ವಿಕೆಯ ಕಾಲದ್ದು. ಆ ಸಾಮ್ರಾಜ್ಯ ಸಿಂಧೂ ತೀರದವರೆಗೆ ಚಾಚಿತ್ತು. ಹಾಗಾಗಿ ಹತ್ತಿಯ ಹೆಸರು ಭೂಮಾರ್ಗದಲ್ಲೇ ಹೋಗಿರಬಹುದು.

ಇನ್ನು ಸಮುದ್ರದ ದಾರಿ. ಸೊಲೊಮೋನನೂ ತೂರಿನ ಅರಸ ಹೀರಾಮನೂ ಎಚ್ಯೋನ್‌ಗೆಬೆರ್ ಬಂದರಿನಿಂದ ಓಫೀರಿಗೆ ಹಡಗು ಕಳಿಸಿದರು ಎಂದು ಒಂದನೆಯ ಅರಸುಗಳ ಗ್ರಂಥದ 9ನೇ ಅಧ್ಯಾಯ ಹೇಳುತ್ತದೆ. ಓಫೀರ್ ಕಟ್ಟುಕತೆಯ ಊರಲ್ಲ. ಇಸ್ರೇಲಿನ ಟೆಲ್ ಕಸೀಲೆಯಲ್ಲಿ ಸಿಕ್ಕ ಕ್ರಿಸ್ತಪೂರ್ವ 8ನೇ ಶತಮಾನದ ಮಡಕೆ ಚೂರಿನ ಮೇಲೆ ಓಫೀರಿನ ಚಿನ್ನದ ಲೆಕ್ಕವಿದೆ. ಅದು ಎಲ್ಲಿತ್ತು ಎಂಬುದಕ್ಕೆ ಅರೇಬಿಯ, ಆಫ್ರಿಕಾದ ಕೊಂಬು, ಮುಂಬಯಿ ಬಳಿಯ ಸೋಪಾರಾ ಎಂದು ಒಬ್ಬೊಬ್ಬರದು ಒಂದೊಂದು ಉತ್ತರ. ಪಶ್ಚಿಮಘಟ್ಟದ ಕರಿಮೆಣಸು ಅಷ್ಟು ದೂರ ಹೋಗಿದ್ದಂತೂ ನಿಜ: ಕ್ರಿಸ್ತಪೂರ್ವ 1213ರಲ್ಲಿ ಸತ್ತ ಈಜಿಪ್ಟಿನ ಎರಡನೆಯ ರಾಮ್ಸೆಸ್‌ನ ಮೂಗಿನ ಹೊಳ್ಳೆಯಲ್ಲಿ ಮೆಣಸಿನ ಕಾಳು ಸಿಕ್ಕಿತು. ಆದರೂ ಮೆಣಸಿಗೆ ಹೀಬ್ರೂ ಬೈಬಲಿನಲ್ಲಿ ಹೆಸರೇ ಇಲ್ಲ. ಸರಕು ಹೋದ ಕಡೆಗೆಲ್ಲ ಹೆಸರೂ ಹೋಗಿ ಬರಹಕ್ಕೆ ಇಳಿಯುತ್ತದೆ ಎಂದೇನಿಲ್ಲ.

ನವಿಲೇ ಪಶ್ಚಿಮಕ್ಕೆ ಹೋದ ನೆನಪು ಪಾಲಿಯ ಬಾವೇರು ಜಾತಕದಲ್ಲಿದೆ. ಹಕ್ಕಿಗಳೇ ಇಲ್ಲದ ಬಾವೇರು ದೇಶಕ್ಕೆ, ಎಂದರೆ ಬ್ಯಾಬಿಲೋನಿಗೆ, ವ್ಯಾಪಾರಿಗಳು ಮೊದಲು ಕಾಗೆ ತಂದರು, ಜನ ಅದನ್ನೇ ಪೂಜಿಸಿದರು. ಮುಂದೆ ನವಿಲು ಬಂದ ಮೇಲೆ ಕಾಗೆಯನ್ನು ಕೇಳುವವರಿಲ್ಲದಾಯಿತು. ಅಸ್ಸೀರಿಯದ ಮೂರನೆಯ ತಿಗ್ಲತ್‌ಪಿಲೇಸರ್ ಕ್ರಿಸ್ತಪೂರ್ವ 8ನೇ ಶತಮಾನದಲ್ಲಿ ಪಡೆದ ಕಪ್ಪಕಾಣಿಕೆಯಲ್ಲಿ ನೀಲಿ ಬಣ್ಣದ ರೆಕ್ಕೆಯ ಹಕ್ಕಿಗಳಿದ್ದವು. ಅವು ನವಿಲುಗಳಿರಬಹುದು ಎಂದು ಹೇಳುತ್ತ ಬಂದಿದ್ದಾರೆ. ಕ್ರಿಸ್ತಪೂರ್ವ 5ನೇ ಶತಮಾನದ ಅಥೆನ್ಸಿನಲ್ಲಂತೂ ನವಿಲು ಸಾಕಿ ಜನರಿಗೆ ತೋರಿಸುವವರಿದ್ದರು.

ಇಂಥ ಪ್ರಶ್ನೆಗಳಲ್ಲಿ ಅಭಿಮಾನ ಬೇಗ ಮುಂದೆ ಬರುತ್ತದೆ. ಕನ್ನಡಕ್ಕೆ ಅದರ ಅನುಭವವಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದರಲ್ಲಿ ಭಾರತೀಯ ಪಾತ್ರಗಳು ಆಡುವ ಅರ್ಥವಾಗದ ಮಾತು ಕನ್ನಡ ಎಂದು 1904ರಲ್ಲಿ ಜರ್ಮನಿಯ ವಿದ್ವಾಂಸ ಹುಲ್ಟ್ಶ್ ಹೇಳಿದರು. ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಅದನ್ನು ಎತ್ತಿಕೊಂಡು ಶ್ರದ್ಧೆಯಿಂದ ಕೆಲಸ ಮಾಡಿದರು. ಲಂಡನ್ನಿನ ಬಾರ್ನೆಟ್‌ರಂಥವರು ಒಪ್ಪಲಿಲ್ಲ. ಅದು ಕನ್ನಡವೆಂಬ ಹೇಳಿಕೆ ಮಾತ್ರ ಭಾಷಣಗಳಲ್ಲಿ ಸಿದ್ಧ ಸತ್ಯವಾಗಿ ಓಡಾಡುತ್ತಲೇ ಇದೆ. ತುಕ್ಕಿಗೂ ಹಾಗಾಗಬಾರದು. ತೋಕೆ ಎಂಬ ಮೂಲ ಈಗಿರುವ ಊಹೆಗಳಲ್ಲಿ ಹೆಚ್ಚು ಒಪ್ಪುವಂಥದ್ದು ಎನ್ನುವಷ್ಟಕ್ಕೆ ನಾನು ನಿಲ್ಲುತ್ತೇನೆ. ಅಗಿಲಿನ ಬಗ್ಗೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಲು ಸಿದ್ಧ.

ಹೀಬ್ರೂ ಮಾತಾಡುವವರಿಗೆ ಇಂದು ತುಕ್ಕಿ ಎಂದರೆ ಗಿಳಿ. ನವಿಲಿಗೆ ಅವರು ‘ತವಾಸ್’ ಎನ್ನುತ್ತಾರೆ. ಅದು ಬೈಬಲಿನ ನಂತರದ ಪದ, ಗ್ರೀಕಿನ ‘ತಾವೋಸ್’ನ ಬಂಧು. ಆ ತಾವೋಸ್ ಕೂಡ ತೋಕೈಯಿಂದಲೇ ಹುಟ್ಟಿತು, ಹೀಗೆ ನಮ್ಮ ಪದ ಹೀಬ್ರೂವಿಗೆ ಎರಡು ಸಲ ಹೋಯಿತು ಎಂದು ಬರೆದವರಿದ್ದಾರೆ. ನಡುವಿನ ಕಕಾರ ಎಲ್ಲಿ ಕಳೆಯಿತು ಎಂಬುದಕ್ಕೆ ಅವರಲ್ಲಿ ತೃಪ್ತಿಕರ ಉತ್ತರವಿಲ್ಲದ್ದರಿಂದ ನನಗೆ ಅದು ಒಪ್ಪಿಗೆಯಿಲ್ಲ. ತುಕ್ಕಿಯ ಪ್ರಶ್ನೆ ಮುಂದೆ ಸರಿಯಬೇಕಾದರೆ ಎರಡು ಕಡೆಯಿಂದ ಕೆಲಸ ಆಗಬೇಕು. ಕ್ರಿಸ್ತಪೂರ್ವ 10ರಿಂದ 8ನೇ ಶತಮಾನದ ಪದರಗಳಲ್ಲಿ, ಅಕಾಬಾ ಕೊಲ್ಲಿಯ ತೀರದಲ್ಲೋ ಇಸ್ರೇಲಿನ ಹಳೆಯ ನಗರಗಳಲ್ಲೋ, ನವಿಲಿನ ಮೂಳೆ ಸಿಗಬೇಕು. ಅದು ಸಿಕ್ಕರೆ ಬಬೂನಿನ ವಾದ ಸೊರಗುತ್ತದೆ. ನಮ್ಮ ಕಡೆ ತೋಕೆ, ಸೋಗೆ, ಗರಿ ಪದಗಳು ಯಾವ ಊರಿನಲ್ಲಿ ಮರಕ್ಕೆ, ಯಾವ ಊರಿನಲ್ಲಿ ಹಕ್ಕಿಗೆ, ಯಾವ ಊರಿನಲ್ಲಿ ಬಟ್ಟೆಯ ಇಳಿಬಿದ್ದ ಅಂಚಿಗೆ ನಡೆಯುತ್ತವೆ ಎಂಬುದನ್ನು ತೋಟದವರ, ಗರಿ ಹೆಣೆಯುವವರ ಬಾಯಿಂದ ಕೇಳಿ ಬರೆದುಕೊಳ್ಳಬೇಕು. ನವಿಲಧಾಮವಿರುವ ಆದಿಚುಂಚನಗಿರಿ ತುರುವೇಕೆರೆ ತಾಲ್ಲೂಕಿನ ಮಾಯಸಂದ್ರಕ್ಕೆ ಹತ್ತಿರ. ಹಕ್ಕಿಯೂ ಮರವೂ ಒಟ್ಟಿಗಿರುವ ಆ ಭಾಗದಿಂದಲೇ ಈ ಕೆಲಸ ಶುರುವಾಗಬಹುದು.